ಎಮ್ಮೆ ಗಬ್ಬ ನಿಲ್ಲದಿದ್ದರೆ ತಪ್ಪು ಟವರಿನದೇ?



ನಮ್ಮ ಸಮಡೋಳಿಯಲ್ಲಿ ಕೂಲಿ ಮಾಡಿ ಬದುಕುವ ಅಕ್ಕ ಒಬ್ಬಳ ಮನೆಯಲ್ಲಿ ಸಾಲ ಮಾಡಿ ತಂದ ಒಂದೇ ಎಮ್ಮೆ ಇದೆ. ಮೂರು ಸಲ ಸೂಜಿ ಹಾಕಿಸಿದರೂ ಗಬ್ಬ ನಿಲ್ಲಲಿಲ್ಲ. "ಟವರಿನ ಕಿರಣ ಬಡಿದೈತಿ, ಇನ್ನ ಇದು ಈಯೂದಿಲ್ಲ" ಎಂದು ದಲ್ಲಾಳಿ ಅರ್ಧ ಬೆಲೆಗೆ ಕೇಳಿದ. ಅಕ್ಕ ಹಗ್ಗ ಬಿಚ್ಚಲು ಹೊರಟಿದ್ದಳು. ನಾವು ತಡೆದೆವು.

ಈ ಭಯ ಪೂರ್ತಿ ಬುಡವಿಲ್ಲದ್ದಲ್ಲ. 2009ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 32 ಗಂಡಸರ ವೀರ್ಯದ ಹತ್ತಿರ, ಎರಡೂವರೆ ಸೆಂಟಿಮೀಟರ್ ದೂರದಲ್ಲಿ, ಮಾತಿನಲ್ಲಿದ್ದ ಮೊಬೈಲನ್ನು ಒಂದು ಗಂಟೆ ಇಟ್ಟು ನೋಡಿದರು. ವೀರ್ಯಾಣುಗಳ ಓಟ ಕುಂದಿತ್ತು. ಆದರೆ ಅದು ಪಾತ್ರೆಯಲ್ಲಿದ್ದ ವೀರ್ಯ, ಮೈಯೊಳಗಿನದಲ್ಲ. ಟವರಿನ ಕಿರಣವಾದರೋ ದೂರ ಇಮ್ಮಡಿಯಾದರೆ ಕಾಲು ಭಾಗಕ್ಕೆ ಇಳಿಯುತ್ತದೆ.

ಇನ್ನೊಂದು ಮಾತು. ಸೂಜಿ ಹಾಕಿಸಿದ ಎಮ್ಮೆಗೆ ಕೋಣ ಎಲ್ಲಿದೆ? ನಮ್ಮೂರಲ್ಲಿಲ್ಲ. ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ 1967ರಲ್ಲಿ ಮಣಿಭಾಯಿ ದೇಸಾಯಿ ಕಟ್ಟಿದ ಬೈಫ್, ನಿಮ್ಮ ಕಡೆಯ ಹೆಸರಘಟ್ಟ, ಇಂಥ ದೂರದ ಕೇಂದ್ರಗಳಲ್ಲಿ ವೀರ್ಯವನ್ನು ಕಡ್ಡಿಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಡುತ್ತಾರೆ. ಕೊಟ್ಟಿಗೆಯ ಪಕ್ಕದ ಟವರು ಆ ಕೋಣವನ್ನು ಮುಟ್ಟುವ ಬಗೆ ಹೇಗೆ? ಡಬ್ಬದಲ್ಲಿ ಸಾರಜನಕ ಇಳಿದುಹೋದರೆ ವೀರ್ಯಾಣು ಸಾಯುತ್ತದೆ. ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಸರಿಯಾಗಿ ಕರಗಿಸದಿದ್ದರೂ ಕೆಡುತ್ತದೆ. ಇದನ್ನು ಕೇಳುವ ಹಕ್ಕು ಹಣ ಕೊಡುವ ನಮಗಿದೆ.

ಅಕ್ಕನ ಎಮ್ಮೆಯನ್ನು ದನದ ಡಾಕ್ಟರಿಗೆ ತೋರಿಸಿದೆವು. ಗರ್ಭಕೋಶ ಸರಿಯಾಗಿತ್ತು. ಎಮ್ಮೆಯ ಬೆದೆ ಹಸುವಿನದರಂತೆ ಕೂಗಿ ಹೇಳುವುದಿಲ್ಲ. ಬೇಸಿಗೆಯಲ್ಲಂತೂ ರಾತ್ರಿ ಬಂದು ಹೋಗುತ್ತದೆ. ದಿನವೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದವಳು ರಾತ್ರಿ ಎದ್ದು ನೋಡುವುದು ಹೇಗೆ? ಪ್ರತಿ ಸಲವೂ ಹೊತ್ತು ಮೀರಿತ್ತು. ಈಗ ಮತ್ತೊಮ್ಮೆ ಹಾಕಿಸಿದ್ದೇವೆ. ನಿಂತಿತೋ ಇಲ್ಲವೋ ಮೂರನೆಯ ತಿಂಗಳಲ್ಲಿ ಡಾಕ್ಟರು ಕೈಯಿಟ್ಟು ಹೇಳಬೇಕು.

ಎಸ್ಟೇಟಿನ ಲೈನ್ ಮನೆಗಳ ಹಿಂದೆ ಹಸು ಕಟ್ಟಿದ ಬಂಧುಗಳೇ, ನಿಮಗೂ ಇದೇ ಮಾತು. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಗೋಡೆಯ ಮೇಲೆ ತಾರೀಖು ಬರೆದಿಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ ಹಾಕಿಸಿ. ಬರೀ ಒಣಹುಲ್ಲು ತಿಂದ ದನ ಬೆದೆಗೆ ಬರುವುದು ಕಷ್ಟ. ಸ್ವಲ್ಪ ಹಿಂಡಿ, ಖನಿಜ ಮಿಶ್ರಣ ಕೊಡಿ. ತಿಂಗಳು ತುಂಬದೆ ಕಂದು ಹಾಕಿದರೆ ಬ್ರುಸೆಲ್ಲಾ ರೋಗವಿರಬಹುದು. ಅದು ಮನುಷ್ಯರಿಗೂ ಅಂಟುತ್ತದೆ: ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಾಲನ್ನು ಕಾಯಿಸಿಯೇ ಕುಡಿಯಿರಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಇದರ ಲಸಿಕೆ ಹಾಕಿಸಿ.

ಹಾಗಾದರೆ ಟವರಿನವರನ್ನು ಬಿಟ್ಟುಬಿಡೋಣವೇ? ಬೇಡ. ಸರಕಾರ 2012ರ ಸೆಪ್ಟೆಂಬರ್ 1ರಿಂದ ಕಿರಣದ ಮಿತಿಯನ್ನು ಹಿಂದಿನದರ ಹತ್ತನೇ ಒಂದು ಪಾಲಿಗೆ ಇಳಿಸಿತು. ಆ ಮಿತಿ ಪಾಲನೆಯಾಗುತ್ತಿದೆಯೇ ಎಂದು ಅಳೆದು ತೋರಿಸಿರೆಂದು ದೂರಸಂಪರ್ಕ ಇಲಾಖೆಗೆ ಸಂಘದ ಹೆಸರಿನಲ್ಲಿ ಅರ್ಜಿ ಹಾಕೋಣ. ಒಬ್ಬೊಬ್ಬರೇ ಗೊಣಗಿದರೆ ಯಾರೂ ಕೇಳುವುದಿಲ್ಲ.

ಆದರೆ ಅಳತೆಯಿಲ್ಲದ ಭಯಕ್ಕೆ ಬಡವರ ಎಮ್ಮೆ ಬಲಿಯಾಗಬಾರದು. ಆ ಭಯದಿಂದ ಲಾಭವಾಗುವುದು ದಲ್ಲಾಳಿಗೆ ಮಾತ್ರ. ಹಗ್ಗ ಬಿಚ್ಚುವ ಮೊದಲು ಡಾಕ್ಟರಿಗೆ ತೋರಿಸಿರಿ ಎಂಬುದೇ ನಮ್ಮ ಬಿನ್ನಹ.