ಅರ್ಬುದ ರೋಗಿಗಳ ಯಾತನೆಯೂ ಸರಕಾರದ ಕರ್ತವ್ಯವೂ

2025ನೆಯ ಇಸವಿಯ ಫೆಬ್ರುವರಿ 1ರಂದು ಕೇಂದ್ರದ ಅರ್ಥಸಚಿವರು ಲೋಕಸಭೆಯ ಮುಂದಿಟ್ಟ ಆಯವ್ಯಯ ಪತ್ರಿಕೆಯಲ್ಲಿ, ಮೂರು ವರ್ಷಗಳೊಳಗಾಗಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಕ್ಯಾನ್ಸರ್ ರೋಗಿಗಳಿಗಾಗಿ ಹಗಲು ಚಿಕಿತ್ಸಾ ಕೇಂದ್ರಗಳನ್ನು ತೆರೆಯಲಾಗುವುದೆಂದೂ, 2025–26ನೆಯ ಸಾಲಿನಲ್ಲಿ ಅಂಥ 200 ಕೇಂದ್ರಗಳನ್ನು ಸ್ಥಾಪಿಸಲಾಗುವುದೆಂದೂ ಸಾರಿದರು. ಈ ಸಂಕಲ್ಪವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಬೀದರಿನ ಬಡ ರೈತನು ಒಂದು ಸೂಜಿಮದ್ದಿಗಾಗಿ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ಬರಬೇಕಾದ ದುರವಸ್ಥೆಯು ತಪ್ಪುವುದಾದರೆ ಅದಕ್ಕಿಂತ ಸಂತೋಷದ ಸಂಗತಿ ಬೇರೊಂದಿಲ್ಲ. ಆದರೆ ಈ ಸಂತೋಷದ ನಡುವೆ ಒಂದು ಪ್ರಶ್ನೆಯನ್ನು ಕೇಳದಿರಲು ನಮ್ಮಿಂದಾಗದು. ಹಗಲೆಲ್ಲ ಔಷಧವನ್ನು ರಕ್ತನಾಳಕ್ಕೆ ಇಳಿಸಿ ಸಂಜೆಗೆ ಮನೆಗೆ ಕಳುಹಿದ ಮೇಲೆ, ಆ ರಾತ್ರಿ ರೋಗಿಯು ನೋವಿನಿಂದ ಹೊರಳಾಡಿದರೆ ಅವನಿಗೆ ದಿಕ್ಕು ಯಾರು? ಮದ್ದು ಇನ್ನು ನಾಟದೆಂದು ವೈದ್ಯರು ಕೈಚೆಲ್ಲಿದ ದಿನದಿಂದ ಮುಂದೆ ಅವನ ಹೊಣೆಯು ಯಾರದು?

ಈ ಪ್ರಶ್ನೆಯು ಕೆಲವೇ ಮಂದಿಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗದವರ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಈ ರೋಗಕ್ಕೆ ತುತ್ತಾದವರು ಸುಮಾರು 14 ಲಕ್ಷ. ಅದೇ ವರ್ಷ ಇದರಿಂದ ಮಡಿದವರು ಸುಮಾರು 9 ಲಕ್ಷ. ನಮ್ಮಲ್ಲಿ ರೋಗವು ಬಹುಮಟ್ಟಿಗೆ ಬಲಿತ ಮೇಲೆಯೇ ಗೊತ್ತಾಗುವುದು. ಬಾಯಿಯ ಹುಣ್ಣನ್ನು ಹಲ್ಲುನೋವೆಂದೂ, ಸ್ತನದ ಗಂಟನ್ನು ನಾಚಿಕೆಯಿಂದಲೂ ತಿಂಗಳುಗಟ್ಟಲೆ ಮರೆಮಾಚುವವರುಂಟು. ಹೀಗೆ ತಡವಾಗಿ ಬಂದವರಲ್ಲಿ ಅನೇಕರಿಗೆ ಪೂರ್ಣ ಗುಣವೆಂಬುದು ದೂರದ ಮಾತು. ಆದರೆ ಗುಣಪಡಿಸಲಾಗದೆಂಬುದಕ್ಕೂ ಏನನ್ನೂ ಮಾಡಲಾಗದೆಂಬುದಕ್ಕೂ ಭೂಮ್ಯಾಕಾಶಗಳ ಅಂತರವಿದೆ. ಈ ಅಂತರವನ್ನು ನಮ್ಮ ವೈದ್ಯ ವ್ಯವಸ್ಥೆಯು ಇನ್ನೂ ಸರಿಯಾಗಿ ಗ್ರಹಿಸಿಲ್ಲವೆಂದು ವ್ಯಸನದಿಂದ ಹೇಳಬೇಕಾಗಿದೆ.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಆಶ್ರಮವನ್ನು ತೆರೆದ ಸಿಸಿಲಿ ಸಾಂಡರ್ಸ್ ಎಂಬ ಮಹನೀಯೆಯು ಮೊದಲು ದಾದಿಯಾಗಿದ್ದು, ಬಳಿಕ ರೋಗಿಗಳ ಕ್ಷೇಮಪಾಲಕಿಯಾಗಿ, ಕಡೆಗೆ ಸ್ವತಃ ವೈದ್ಯಳಾದವಳು. ರೋಗಿಯ ನೋವು ದೇಹದ ನೋವು ಮಾತ್ರವಲ್ಲ, ಅದರಲ್ಲಿ ಮನಸ್ಸಿನ ಭಯವೂ ಸಂಸಾರದ ಚಿಂತೆಯೂ ಆತ್ಮದ ತಳಮಳವೂ ಸೇರಿ ಒಂದೇ ‘ಸಮಗ್ರ ವೇದನೆ’ಯಾಗಿರುವುದೆಂದು ಆಕೆ ಜಗತ್ತಿಗೆ ತೋರಿಸಿಕೊಟ್ಟಳು. ಇಂದು ಉಪಶಾಮಕ ಶುಶ್ರೂಷೆಯೆಂದು ಕರೆಯಲ್ಪಡುವ ವಿದ್ಯೆಗೆ ಅದೇ ಬುನಾದಿ. ನಮ್ಮ ದೇಶದಲ್ಲಿ ಈ ಬಗೆಯ ಮೊದಲನೆಯ ಆಶ್ರಮವು 1986ರಲ್ಲಿ ಮುಂಬಯಿಯಲ್ಲಿ ‘ಶಾಂತಿ ಆವೇದನಾ ಸದನ’ವೆಂಬ ಹೆಸರಿನಿಂದ ಆರಂಭವಾಯಿತು. ಬೆಂಗಳೂರಿನಲ್ಲಿ 1999ರಿಂದ ನಡೆದುಬಂದಿರುವ ‘ಕರುಣಾಶ್ರಯ’ವು ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಕಾಸನ್ನೂ ಪಡೆಯದೆ ನೋಡಿಕೊಳ್ಳುತ್ತಲಿರುವುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ವಿಷಯವಾಗಿದೆ.

ಆದರೆ ಈ ಶುಶ್ರೂಷೆಯು ಸಾವಿನ ಬಾಗಿಲಿನಲ್ಲಿ ಮಾತ್ರ ಕೊಡತಕ್ಕದ್ದೆಂಬ ತಪ್ಪು ತಿಳಿವಳಿಕೆಯು ಜನರಲ್ಲಿಯೂ, ಕೆಲವು ವೈದ್ಯರಲ್ಲಿಯೂ ಬೇರೂರಿದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ರೋಗಿಯು ಪಡುವ ಪಾಡನ್ನು ಕಂಡವರು ಹೀಗೆ ಹೇಳಲಾರರು. ಬಾಯಿಗೂ ಗಂಟಲಿಗೂ ಕಿರಣ ಚಿಕಿತ್ಸೆಯಾದವನಿಗೆ ಒಳಗೆಲ್ಲ ಹುಣ್ಣಾಗಿ ಒಂದು ಗುಟುಕು ಗಂಜಿಯೂ ಇಳಿಯದು. ತೀವ್ರ ಔಷಧಗಳನ್ನು ಪಡೆದವಳಿಗೆ ವಾಕರಿಕೆ ನಿಲ್ಲದು. ಸ್ತನದ ಶಸ್ತ್ರಕ್ರಿಯೆಯಾದ ಕೆಲವರಿಗೆ ತೋಳು ಬಾತುಕೊಂಡು ಕೊಡ ಎತ್ತುವುದೂ ಕಷ್ಟವಾಗುವುದು. ಕೊಳೆತ ಹುಣ್ಣಿನ ದುರ್ವಾಸನೆಗೆ ಅಂಜಿ ಸ್ವಂತ ಮಕ್ಕಳೇ ಹತ್ತಿರ ಬಾರದಿದ್ದಾಗ ಆ ಜೀವಕ್ಕಾಗುವ ಸಂಕಟವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಇವೆಲ್ಲವುಗಳಿಗೂ ಉಪಾಯಗಳುಂಟು. ವಾಂತಿಯನ್ನು ತಡೆಯುವ ಒಳ್ಳೆಯ ಔಷಧಗಳಿವೆ. ತೋಳಿಗೆ ಪಟ್ಟಿಕಟ್ಟು, ವ್ಯಾಯಾಮಗಳಿವೆ. ಮೆಟ್ರೋನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸಿದರೆ ದುರ್ವಾಸನೆಯು ಬಹುಮಟ್ಟಿಗೆ ಅಡಗುವುದು. ಕೊರತೆಯಿರುವುದು ಇವನ್ನು ಬಲ್ಲವರಿಗೆ ಮತ್ತು ಬಲ್ಲವರನ್ನು ರೋಗಿಯ ಮನೆಬಾಗಿಲಿಗೆ ಕಳುಹುವ ಏರ್ಪಾಡಿಗೆ.

ಈ ಶುಶ್ರೂಷೆಯನ್ನು ಬೇಗ ಆರಂಭಿಸಿದರೆ ರೋಗಿಯು ಹೋರಾಟವನ್ನೇ ಬಿಟ್ಟಂತಾಗುವುದೆಂದು ಶಂಕಿಸುವವರಿಗೆ 2010ರಲ್ಲಿ ಅಮೇರಿಕದ ಬೋಸ್ಟನ್ ನಗರದಿಂದ ಪ್ರಕಟವಾದ ಅಧ್ಯಯನವೊಂದು ಉತ್ತರ ಹೇಳಿದೆ. ಶ್ವಾಸಕೋಶದ ಅರ್ಬುದವು ದೇಹದಲ್ಲಿ ಹರಡಿದ 151 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿನ ಚಿಕಿತ್ಸೆಯನ್ನೂ, ಮತ್ತೊಂದಕ್ಕೆ ಅದರೊಡನೆ ಮೊದಲಿನಿಂದಲೇ ಉಪಶಾಮಕ ಶುಶ್ರೂಷೆಯನ್ನೂ ಕೊಡಲಾಯಿತು. ಎರಡನೆಯ ಗುಂಪಿನವರಲ್ಲಿ ಮನಸ್ಸಿನ ಕುಗ್ಗು ಕಡಿಮೆಯಾಗಿದ್ದುದಲ್ಲದೆ, ಕಡೆಗಾಲದಲ್ಲಿ ಅವರು ಕಠಿಣ ಚಿಕಿತ್ಸೆಗಳನ್ನು ಕಡಿಮೆಯಾಗಿಯೇ ಪಡೆದಿದ್ದರು. ಹಾಗಿದ್ದರೂ ಅವರು ಬದುಕಿದ ಮಧ್ಯಮ ಅವಧಿಯು 11.6 ತಿಂಗಳು, ಮೊದಲನೆಯ ಗುಂಪಿನವರದು 8.9 ತಿಂಗಳು. ಈ ಶುಶ್ರೂಷೆಯು ರೋಗಿಯ ಆಯುಷ್ಯವನ್ನು ಕುಗ್ಗಿಸುವುದೆಂಬ ಮಾತಿಗೆ ಆಧಾರವಿಲ್ಲವೆಂಬುದು ಇದರಿಂದ ಸಿದ್ಧವಾಗುವುದು.

ಇನ್ನು ನೋವಿನ ವಿಚಾರಕ್ಕೆ ಬರೋಣ. ಇಲ್ಲಿಯೇ ನಮ್ಮ ದೇಶದ ದೊಡ್ಡ ವಿಡಂಬನೆಯಿರುವುದು. ಅರ್ಬುದದ ತೀವ್ರ ನೋವಿಗೆ ಮಾರ್ಫೀನಿಗಿಂತ ನಂಬಿಕಸ್ತ ಮದ್ದು ದುರ್ಲಭ. ಅದು ಅಫೀಮಿನಿಂದ ಬರುವಂಥದು. ಆ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ನಮ್ಮ ರೈತರೇ ಸರಕಾರದ ಪರವಾನಗಿಯಿಂದ ಬೆಳೆಯುತ್ತಾರೆ. ಗಾಜೀಪುರದ ಕಾರ್ಖಾನೆಯು 1820ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ಲಾಭಕ್ಕಾಗಿ ಹುಟ್ಟಿದ್ದು. ಕಂಪನಿಯೂ ಹೋಯಿತು, 1947ರಲ್ಲಿ ಪರರ ಆಳಿಕೆಯೂ ಹೋಯಿತು, ಕಾರ್ಖಾನೆಯು ನಮ್ಮದಾಯಿತು. ಆದರೂ ನಮ್ಮ ಮಣ್ಣಿನ ಅಫೀಮು ದಶಕಗಳ ಕಾಲ ಹೊರದೇಶಗಳ ಔಷಧ ಕಂಪನಿಗಳಿಗೆ ರವಾನೆಯಾಗುತ್ತಿರಲು, ಅದನ್ನು ಬೆಳೆದ ನಾಡಿನ ರೋಗಿಯು ನರಳುತ್ತಲೇ ಉಳಿದನು. ಸ್ವರಾಜ್ಯವೆಂದರೆ ಇದೇ ಏನು?

ಹೀಗಾಗಲು ಕಾರಣವು ಸ್ಪಷ್ಟವಾಗಿದೆ. 1985ರಲ್ಲಿ ಮಾದಕ ದ್ರವ್ಯಗಳ ಕಾಯದೆಯು ಜಾರಿಗೆ ಬಂದಿತು. ಕಳ್ಳಸಾಗಣೆಗಾರರನ್ನು ಹಿಡಿಯುವುದೇ ಅದರ ಉದ್ದೇಶ, ಅದು ಯೋಗ್ಯವಾದುದೇ. ಆದರೆ ಅದರ ಬಲೆಯಲ್ಲಿ ಸಿಕ್ಕಿದವರು ವೈದ್ಯರು. ಹತ್ತು ವರ್ಷಗಳ ಸೆರೆಯ ಭಯ ಒಂದು ಕಡೆ. ಪ್ರಾಂತಕ್ಕೊಂದು ನಿಯಮ, ಇಟ್ಟುಕೊಳ್ಳಲೊಂದು ಪರವಾನಗಿ, ತರಿಸಲೊಂದು, ಸಾಗಿಸಲೊಂದು ಮತ್ತೊಂದು ಕಡೆ. ಇವೆಲ್ಲವೂ ಏಕಕಾಲದಲ್ಲಿ ಕೈಯಲ್ಲಿರಬೇಕಾಗಿದ್ದಿತು. ಒಂದು ಪತ್ರ ಸಿಕ್ಕುವಷ್ಟರಲ್ಲಿ ಇನ್ನೊಂದರ ಅವಧಿಯು ಮುಗಿಯುತ್ತಿದ್ದಿತು. ಪರಿಣಾಮವಾಗಿ ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದೊಳಗಿನ ಮಾರ್ಫೀನಿನ ವೈದ್ಯಕೀಯ ಬಳಕೆಯು ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ಕುಸಿದುಹೋಯಿತು. ಆ ಮಧ್ಯೆ ವೈದ್ಯರ ಒಂದು ತಲೆಮಾರು ಮಾರ್ಫೀನನ್ನು ಕೈಯಿಂದ ಮುಟ್ಟದೆಯೇ ಪದವಿ ಪಡೆದು ಹೊರಬಂದಿತು. ಕಾಯದೆಯ ಗಾಯಕ್ಕಿಂತ ಇದು ಆಳವಾದ ಗಾಯ.

2014ರ ಫೆಬ್ರುವರಿಯಲ್ಲಿ ಪಾರ್ಲಿಮೆಂಟು ಈ ಕಾಯದೆಯನ್ನು ತಿದ್ದಿತು. ಮಾರ್ಫೀನು ಮೊದಲಾದವು ‘ಅತ್ಯಾವಶ್ಯಕ’ ಔಷಧಗಳೆಂಬ ಪ್ರತ್ಯೇಕ ವರ್ಗಕ್ಕೆ ಸೇರಿದವು. ಮನ್ನಣೆ ಪಡೆದ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರೊಬ್ಬರ ಅನುಮತಿಯೇ ಸಾಕೆಂದಾಯಿತು. ಕೇರಳದ ಡಾಕ್ಟರ್ ಎಂ. ಆರ್. ರಾಜಗೋಪಾಲರೂ ಅವರ ಸಂಗಡಿಗರೂ ವರ್ಷಗಟ್ಟಲೆ ಮಾಡಿದ ಹೋರಾಟದ ಫಲವಿದು. ಆದರೆ ಕಾಗದದ ಮೇಲಿನ ತಿದ್ದುಪಡಿಯು ರೋಗಿಯ ಹಾಸಿಗೆಯವರೆಗೆ ತಾನಾಗಿ ನಡೆದು ಹೋಗಲಾರದು. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯ ಆಯೋಗವು ಮಾಡಿದ ಲೆಕ್ಕದಂತೆ, ಭಾರತದಲ್ಲಿ ದೊರೆಯುತ್ತಿದ್ದ ಈ ಬಗೆಯ ನೋವಿನ ಮದ್ದು ಅಗತ್ಯವಿದ್ದುದರಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ!

ಮಾರ್ಫೀನೆಂದರೆ ಚಟ ಹತ್ತುವುದಿಲ್ಲವೇ ಎಂದು ವಾಚಕರು ಕೇಳಬಹುದು. ದುರುಪಯೋಗದ ಭಯವು ನಿರಾಧಾರವಲ್ಲ. ವಿವೇಕವಿಲ್ಲದೆ ಎಲ್ಲ ನೋವಿಗೂ ಇಂಥ ಮದ್ದುಗಳನ್ನು ಹಂಚಿದ ಅಮೇರಿಕವು ಪಟ್ಟ ಪಾಡನ್ನು ನಾವು ಬಲ್ಲೆವು. ಆದರೆ ವಿಶ್ವ ಆರೋಗ್ಯ ಸಂಸ್ಥೆಯವರು 1986ರಲ್ಲಿ ರೂಪಿಸಿದ ಮೂರು ಮೆಟ್ಟಿಲುಗಳ ಕ್ರಮವನ್ನನುಸರಿಸಿ, ಸಣ್ಣ ನೋವಿಗೆ ಸಾಮಾನ್ಯ ಮಾತ್ರೆಯಿಂದ ತೊಡಗಿ, ತೀವ್ರ ನೋವಿಗೆ ಮಾತ್ರ, ತಿಳಿದ ವೈದ್ಯರ ಕಣ್ಣಳತೆಯಲ್ಲಿ, ನಾಲ್ಕು ಗಂಟೆಗಳಿಗೊಮ್ಮೆ ಬಾಯಿಯಿಂದ ಕೊಡುವ ಮಾರ್ಫೀನಿನಿಂದ ಅರ್ಬುದ ರೋಗಿಗೆ ಚಟ ಹತ್ತುವುದು ವಿರಳ. ಮಲಬದ್ಧತೆಯು ಆಗುವುದು ನಿಜ. ಅದಕ್ಕೆ ಜೊತೆಯಲ್ಲಿಯೇ ಮದ್ದು ಕೊಡಬೇಕು. ನದಿಯಲ್ಲಿ ಮುಳುಗುವವರಿದ್ದಾರೆಂದು ಬಾಯಾರಿದವನಿಗೆ ನೀರು ಕೊಡದಿರುವುದು ನ್ಯಾಯವೇ?

ಇದನ್ನೆಲ್ಲ ನಡೆಸಿ ತೋರಿಸಲು ನಾವು ಸಮುದ್ರ ದಾಟಬೇಕಾಗಿಲ್ಲ. ನೆರೆಯ ಕೇರಳವು ಸಾಕು. 1993ರಲ್ಲಿ ಕಲ್ಲಿಕೋಟೆಯಲ್ಲಿ ಕೆಲವೇ ಮಂದಿಯಿಂದ ಆರಂಭವಾದ ಸಂಘವು ಊರೂರಿನ ನೆರೆಹೊರೆಯವರ ಕೂಟಗಳಾಗಿ ಹಬ್ಬಿತು. ಊರಿನವರೇ ಕಾಸು ಕೂಡಿಸಿ, ಊರಿನವರೇ ರೋಗಿಯ ಮಗ್ಗುಲಲ್ಲಿ ಕುಳಿತು, ದಾದಿಯನ್ನು ಮನೆಮನೆಗೆ ಕರೆದೊಯ್ದರು. 2008ರಲ್ಲಿ ಆ ಸರಕಾರವು ಉಪಶಾಮಕ ಶುಶ್ರೂಷೆಯ ನೀತಿಯನ್ನು ಸಾರಿ ಪಂಚಾಯತಿಗಳನ್ನು ಈ ಕಾರ್ಯದಲ್ಲಿ ತೊಡಗಿಸಿತು. ಮೊದಲು ಹೆಜ್ಜೆಯಿಟ್ಟವರು ಜನರು. ಸರಕಾರವು ಹಿಂದೆ ಬಂದಿತು.

ಹೀಗಿರಲು ಕರ್ನಾಟಕ ಸರಕಾರದವರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟು. ಹಗಲು ಚಿಕಿತ್ಸಾ ಕೇಂದ್ರವು ತೆರೆಯುವ ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯೂ ಅದೇ ದಿನ ಮಾರ್ಫೀನಿಗೆ ಮನ್ನಣೆ ಪಡೆದ ಸಂಸ್ಥೆಯಾಗಿರಲಿ. ಮಾತ್ರೆಯ ದಾಸ್ತಾನು ಬರಿದಾಗದಿರಲಿ. ಅಲ್ಲಿ ತರಬೇತಿಯಾದ ಒಬ್ಬ ವೈದ್ಯರೂ, ವಾಹನಸಹಿತವಾದ ಇಬ್ಬರು ದಾದಿಯರೂ ಇದ್ದು, ವಾರಕ್ಕೊಮ್ಮೆಯಾದರೂ ರೋಗಿಯ ಮನೆಯನ್ನು ನೋಡಿಬರಲಿ. 1973ರಿಂದ ಅರ್ಬುದ ಚಿಕಿತ್ಸೆಯಲ್ಲಿ ನಿರತವಾಗಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ಜಿಲ್ಲೆಗಳ ವೈದ್ಯರಿಗೂ ದಾದಿಯರಿಗೂ ಗುರುಪೀಠವಾಗಲಿ. ಆಯುಷ್ಮಾನ್ ಭಾರತ ಯೋಜನೆಯು ರೋಗಿಯು ಆಸ್ಪತ್ರೆಯಲ್ಲಿ ಮಲಗಿದಾಗಿನ ಖರ್ಚನ್ನು ಕೊಡುವುದು. ಮನೆಯಲ್ಲಿ ನಡೆಯಬೇಕಾದ ಶುಶ್ರೂಷೆಗೂ ಸರಕಾರವು ಹಣವನ್ನು ತೆಗೆದಿರಿಸಲಿ. ಇದರಲ್ಲಿ ದುಬಾರಿ ಯಂತ್ರವೊಂದೂ ಇಲ್ಲ. ಕಿರಣ ಚಿಕಿತ್ಸೆಯ ಒಂದು ಯಂತ್ರದ ಬೆಲೆಯಲ್ಲಿ ಎಷ್ಟೋ ದಾದಿಯರಿಗೆ ವರ್ಷಗಟ್ಟಲೆ ಸಂಬಳ ಕೊಡಬಹುದು. ಯಂತ್ರವು ಬೇಡವೆಂದು ನಾವು ಹೇಳುತ್ತಿಲ್ಲ. ಯಂತ್ರದೊಡನೆ ಮನುಷ್ಯರೂ ಬೇಕೆನ್ನುತ್ತೇವೆ.

ಸರಕಾರದ ಮೇಲೆ ಹೊಣೆಯನ್ನೆಲ್ಲ ಹೊರಿಸಿ ನಾವು ಸುಮ್ಮನಿರುವುದೂ ಸಲ್ಲದು. ರೋಗಿಗೆ ಅವನ ರೋಗವನ್ನೇ ಹೇಳದೆ ಮುಚ್ಚಿಡುವುದು ನಮ್ಮ ಮನೆಗಳ ವಾಡಿಕೆ. ಪ್ರೀತಿಯಿಂದಲೇ ಹುಟ್ಟಿದ ಈ ಮೌನವು ಕಡೆಗೆ ಅವನನ್ನು ಒಂಟಿಯಾಗಿಸುವುದು. ಅವನ ಮಾತನ್ನು ಕೇಳುವ, ಅವನ ಇಚ್ಛೆಯನ್ನು ತಿಳಿಯುವ, ಆರೈಕೆಯಿಂದ ಬಳಲಿದ ಮನೆಯ ಹೆಂಗಸಿಗೆ ಒಂದು ರಾತ್ರಿಯ ನಿದ್ರೆಯನ್ನಾದರೂ ದೊರಕಿಸುವ ನೆರೆಹೊರೆಯವರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಮುಂದೆ ಬರಬೇಕು. ನಮ್ಮ ಮಹಿಳಾ ಸಮಾಜಗಳಿಗೂ ಯುವಕ ಸಂಘಗಳಿಗೂ ಇದಕ್ಕಿಂತ ದೊಡ್ಡ ದೇಶಸೇವೆಯು ಯಾವುದಿದೆ?

ಎಲ್ಲರನ್ನೂ ಬದುಕಿಸುವ ಶಕ್ತಿಯು ಯಾವ ಸರಕಾರಕ್ಕೂ ಇಲ್ಲ. ಆದರೆ ತನ್ನ ಪ್ರಜೆಯು ನರಳಿ ನರಳಿ ಸಾಯದಂತೆ ನೋಡಿಕೊಳ್ಳುವ ಶಕ್ತಿಯು ನಮ್ಮ ಸರಕಾರಕ್ಕಿದೆ. ಮದ್ದು ನಮ್ಮ ಹೊಲದಲ್ಲಿಯೇ ಬೆಳೆಯುತ್ತಿದೆ. ಕಾಯದೆಯ ತೊಡಕೂ ಸಡಿಲಿದೆ. ಉಳಿದಿರುವುದು ಮನಸ್ಸು ಮಾಡುವುದೊಂದೇ. ಆರೋಗ್ಯ ಇಲಾಖೆಯವರು ಇನ್ನಾದರೂ ಮನಸ್ಸು ಮಾಡುವರೆಂದು ನಾವು ಆಶಿಸುತ್ತೇವೆ.