ತಪ್ಪಿದ್ದು ಹುಡುಗಿಯ ಕೈಯಲ್ಲ, ಸ್ಕ್ರೂ!

ಭೇಲೂಪುರದ ಚೌರಾಹಾದಲ್ಲಿ ಯಾವ ಅಂಗಡಿಗೆ ಬೇಕಾದರೂ ಹೋಗಿ "ಇದು ಎಷ್ಟು ದಿನ ಬಾಳುತ್ತೆ?" ಅಂತ ಕೇಳಿ ನೋಡಿ. ಮಿಕ್ಸಿಯ ಬ್ಲೇಡಾಗಲಿ, ಸೈಕಲ್ಲಿನ ಪೆಡಲ್ಲಾಗಲಿ, ಉತ್ತರ ಒಂದೇ. "ಚಲೇಗಾ ಗುರು, ಟನಾಟನ್ ಚಲೇಗಾ!" ಈ ಊರಿಗೆ ಬಂದ 38 ವರ್ಷದಿಂದ ಇದನ್ನು ಕೇಳುತ್ತಿದ್ದೇನೆ. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಈ ವರ್ಷ ಮಾತ್ರ ಸಿಟ್ಟು ಬಂದಿದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವವರ ಮಗಳು ಏರ್ ರೈಫಲ್ ಹೊಡೆಯುತ್ತಾಳೆ. 10 ಮೀಟರ್, ಓಪನ್ ಸೈಟ್. (ಪಾರ್ಶ್ವನಾಥ ತೀರ್ಥಂಕರ ಹುಟ್ಟಿದ ಜಾಗ ಅಂತ ಜೈನರು ಕೈಮುಗಿಯುವ ಮೊಹಲ್ಲಾದಲ್ಲಿ ಕೂತು ಬಂದೂಕಿನ ಮಾತೇ ಅಂತ ಮೂಗು ಮುರಿಯಬೇಡಿ, ಅವಳು ಹೊಡೆಯೋದು ಕಾಗದಕ್ಕೆ!) ಅಪ್ಪನಿಗೆ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಜರ್ಮನಿಯ ರೈಫಲ್ಲಿನ ಮಾತು ಬಿಡಿ, ಇವರು ಕೊಂಡದ್ದು ಯಾರೋ ಬಳಸಿ ಬಿಟ್ಟ ದೇಶಿ ರೈಫಲ್. ಸ್ಪ್ರಿಂಗಿನದು, .177 ಬೋರಿನದು. ಕಳೆದ ವರ್ಷ ಅದರ ಹಿಂದಿನ ಸೈಟ್ ಮುರಿಯಿತು. ಒಳ್ಳೆಯದು ಹಾಕಿಸಲು 1800 ರೂಪಾಯಿ, ಅಗ್ಗದ್ದು 350. ಅಪ್ಪ ಯಾವುದನ್ನು ತಂದ ಅಂತ ನಾನು ಬೇರೆ ಹೇಳಬೇಕೇ?

ಮೂರು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಗುಂಡುಗಳು ಚದುರತೊಡಗಿದವು. ಉಸಿರು ಸರಿಯಿಲ್ಲ ಅಂದರು, ಹಿಡಿತ ಸಡಿಲ ಅಂದರು, ರಾತ್ರಿ ಮೊಬೈಲ್ ನೋಡುತ್ತೀಯ ಅಂತ ಅಮ್ಮ ಬೈದಳು. ಜಿಲ್ಲಾ ಮಟ್ಟದ ಆಯ್ಕೆಯಲ್ಲಿ ಹುಡುಗಿ ಹಿಂದೆ ಬಿದ್ದಳು. ರೈಫಲ್ಲನ್ನು ಮಂಚದ ಕೆಳಗೆ ತಳ್ಳಿ "ಅಂಕಲ್, ನನ್ನ ಕೈಯಲ್ಲೇ ಏನೋ ದೋಷ ಇದೆ" ಅಂದಳು.

ನಾನು ಡಿ.ಎಲ್.ಡಬ್ಲ್ಯು.ನಲ್ಲಿ (2020ರಿಂದ ಅದಕ್ಕೆ ಬನಾರಸ್ ರೈಲ್ ಇಂಜಿನ್ ಕಾರ್ಖಾನೆ ಅಂತ ಹೆಸರು) ಇನ್ಸ್‌ಪೆಕ್ಷನ್ ಕೆಲಸ ಮಾಡಿ ನಿವೃತ್ತನಾದವನು. ಮನುಷ್ಯನನ್ನು ಬೈಯುವ ಮೊದಲು ಭಾಗವನ್ನು ಅಳೆ ಅಂತ ಕಲಿತವನು. ಮನೆಯಲ್ಲಿ ಇನ್ನೂ ಒಂದು ಡಯಲ್ ಗೇಜ್ ಇಟ್ಟುಕೊಂಡಿದ್ದೇನೆ. ಆ ಸೈಟಿಗೆ ಹಚ್ಚಿ ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿದೆ. ಮುಳ್ಳು 0.2 ಮಿ.ಮೀ. ಓಡಾಡಿತು!

ಇಷ್ಟೇನಾ ಅನ್ನಬೇಡಿ. ಹಿಂದಿನ ಸೈಟಿಗೂ ಮುಂದಿನದಕ್ಕೂ ಹತ್ತಿರ ಹತ್ತಿರ ಅರ್ಧ ಮೀಟರ್. ಗುರಿ ಇರುವುದು 10 ಮೀಟರ್ ದೂರದಲ್ಲಿ. ಅಂದರೆ ಸೈಟಿನ ಸರಿದಾಟ ಗುರಿಯಲ್ಲಿ 20 ಪಟ್ಟು. 0.2 ಅಲ್ಲಿ 4 ಮಿ.ಮೀ. ಆಗುತ್ತದೆ. ಏರ್ ರೈಫಲ್ ಗುರಿಕಾಗದದಲ್ಲಿ ಹತ್ತರ ಚುಕ್ಕೆಯ ಅಗಲ ಅರ್ಧ ಮಿ.ಮೀ., ಒಂದು ರಿಂಗಿನಿಂದ ಇನ್ನೊಂದಕ್ಕೆ ಎರಡೂವರೆ ಮಿ.ಮೀ. ಆ ಹುಡುಗಿ ದೇವರ ಹಾಗೆ ನಿಂತು ಹೊಡೆದಿದ್ದರೂ ಒಂದೂವರೆ ರಿಂಗ್ ಆಚೀಚೆ ಹೋಗಲೇಬೇಕಿತ್ತು. ತಪ್ಪಿದ್ದು ಕೈಯಲ್ಲ ಸ್ವಾಮಿ, ಸ್ಕ್ರೂ!

ನನಗೆ ಸಿಟ್ಟು ಬಂದದ್ದು 350 ರೂಪಾಯಿಗಲ್ಲ. ಅಗ್ಗದ ಭಾಗ ಪೂರ್ತಿ ಮುರಿದುಬಿದ್ದರೆ ಒಳ್ಳೆಯದೇ, ದೋಷ ಕಣ್ಣಿಗೆ ಕಾಣುತ್ತದೆ. ಅದು ಮುರಿಯುವುದಿಲ್ಲ, ಮೆಲ್ಲಗೆ ಸವೆಯುತ್ತದೆ... ಸವೆಯುವಷ್ಟು ದಿನವೂ ತಪ್ಪನ್ನು ಬಳಸುವವನ ತಲೆಗೆ ಕಟ್ಟುತ್ತದೆ. ನಾನು ಹೇಳಬೇಕಾದದ್ದು ಇದೊಂದೇ.

ಇದು ನಮ್ಮ ಮೇಲಿನ ಮಹಡಿಯ ಕಥೆ ಮಾತ್ರ ಅಂದುಕೊಂಡಿದ್ದರೆ ಇನ್ಸಾಸ್ ರೈಫಲ್ಲಿನ ಕಥೆ ಕೇಳಿ. 1999ರ ಕಾರ್ಗಿಲ್ ಯುದ್ಧದಲ್ಲಿ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಟ್ಟಿತು, ಮೂರು ಗುಂಡಿಗೆ ಇಟ್ಟರೆ ಒಂದೇ ಸಮನೆ ಹಾರುತ್ತಿತ್ತು, ಹೊಡೆಯುವವನ ಕಣ್ಣಿಗೆ ಎಣ್ಣೆ ಚಿಮ್ಮುತ್ತಿತ್ತು ಅಂತ ದೂರುಗಳು ಬಂದವು. 2005ರ ಆಗಸ್ಟ್‌ನಲ್ಲಿ ನೇಪಾಳದಲ್ಲಿ ಮಾವೋವಾದಿಗಳ ಜೊತೆಗಿನ ಕಾಳಗದಲ್ಲಿ 43 ಸೈನಿಕರು ಸತ್ತಾಗ, ಈ ರೈಫಲ್ ಕೈಕೊಟ್ಟಿತು ಅಂತ ಅಲ್ಲಿನ ಸೇನೆ ಹೇಳಿತು. ನಮ್ಮ ರಾಯಭಾರ ಕಚೇರಿಯ ಉತ್ತರ ಏನು ಗೊತ್ತೇ? ಬಹುಶಃ ಸರಿಯಾಗಿ ಬಳಸಿಲ್ಲ, ಬೇಕಾದರೆ ತರಬೇತಿ ಕೊಡುತ್ತೇವೆ ಅಂತ! ನಮ್ಮ ಹುಡುಗಿಗೆ "ಉಸಿರು ಸರಿಯಿಲ್ಲ" ಅಂದ ಹಾಗೆಯೇ. ಬಳಸಿದವನ ತಪ್ಪೂ ಇದ್ದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಮೊದಲು ಭಾಗವನ್ನು ಅಳೆದು ಆಮೇಲೆ ಆ ಮಾತು ಆಡಬೇಕಲ್ಲವೇ?

ಇನ್ನೊಂದು. 2017ರ ಜುಲೈನಲ್ಲಿ ಸಿ.ಬಿ.ಐ. ಒಂದು ಕೇಸು ದಾಖಲಿಸಿತು. ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ತಯಾರಾಗುವ ಧನುಷ್ ತೋಪಿಗೆ ಚೀನಾದ ಬೇರಿಂಗುಗಳನ್ನು 'ಮೇಡ್ ಇನ್ ಜರ್ಮನಿ' ಅಂತ ಗುರುತು ಹಾಕಿ ಕೊಟ್ಟಿದ್ದಾರೆ ಅನ್ನೋ ಆರೋಪ. ಚೀನಾದ್ದು ಅನ್ನೋದಲ್ಲ ನನ್ನ ತಕರಾರು. ಚೀನಾದಲ್ಲೂ ಒಳ್ಳೆಯ ಬೇರಿಂಗ್ ಮಾಡುತ್ತಾರೆ. ಅಳೆಯುವುದನ್ನು ಬಿಟ್ಟು ಅಚ್ಚೊತ್ತಿದ ಅಕ್ಷರ ಓದುತ್ತೀವಲ್ಲ, ಅದು ರೋಗ. ಅಂಗಡಿಯಲ್ಲಿ ನಾವು 'ಇಂಪೋರ್ಟೆಡ್' ಅನ್ನೋ ಚೀಟಿ ಓದಿ ಖುಷಿಪಡುವುದೂ ಅದೇ ರೋಗ.

ಈಗ ಕೆಲವರು ಹೇಳುತ್ತೀರಿ, "ಸುಮ್ಮನೆ ದುಬಾರಿಯದ್ದನ್ನೇ ಕೊಳ್ಳಿ ಅನ್ನಿ, ಮುಗಿಯಿತು" ಅಂತ. ಇಲ್ಲ ಮಾರಾಯ್ರೆ, ಆ ಮಾತನ್ನೂ ನಾನು ಒಪ್ಪುವುದಿಲ್ಲ. ಲೆಕ್ಕ ಬರೆಯುವವನ ಮಗಳು ಗುರಿ ಹೊಡೆಯಲೇಬಾರದೇ? ಅಗ್ಗ ಬೇರೆ, ಕಳಪೆ ಬೇರೆ.

ಇದಕ್ಕೆ ಸಾಕ್ಷಿ ಬಹಳ ವರ್ಷ ನಮ್ಮ ಕಣ್ಣೆದುರಿಗೇ ಇತ್ತು, ಪೊಲೀಸರ ಹೆಗಲ ಮೇಲೆ. ಹಳೇ .303. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ. ಈ .303ರಲ್ಲಿ ಮಾರ್ಕ್ 3 ಸ್ಟಾರ್ ಅನ್ನೋ ಮಾದರಿ ಮೊದಲ ಮಹಾಯುದ್ಧದ ಕಾಲದ್ದು, ಬಂಗಾಳದ ಇಶಾಪುರದಲ್ಲೂ ತಯಾರಾಯಿತು. ಅದೇ ಅಗ್ಗದ ಮಾದರಿ ನೋಡಿ! ಬೇಗ ಬೇಗ, ಕಡಿಮೆ ಖರ್ಚಿನಲ್ಲಿ ಮಾಡಬೇಕಿತ್ತು. ಮ್ಯಾಗಜಿನ್ ಕಟ್-ಆಫ್ ತೆಗೆದರು, ಬಹುದೂರದ ವಾಲಿ ಸೈಟ್ ತೆಗೆದರು, ಹಿಂದಿನ ಸೈಟನ್ನು ಎಡಬಲಕ್ಕೆ ಸರಿಸುವ ಸ್ಕ್ರೂವನ್ನೂ ತೆಗೆದರು. ಇಲ್ಲದಿದ್ದರೂ ನಡೆಯುವುದನ್ನು ತೆಗೆದರೇ ಹೊರತು ಒತ್ತಡ ಹೊರುವ ಬೋಲ್ಟು, ಬ್ಯಾರೆಲ್ಲುಗಳನ್ನು ತೆಳ್ಳಗೆ ಮಾಡಲಿಲ್ಲ. ಹೆಚ್ಚಿನ ಒತ್ತಡದ ಪ್ರೂಫ್ ತೋಟಾ ಹೊಡೆದು ನೋಡಿಯೇ ಮುದ್ರೆ ಹಾಕುತ್ತಿದ್ದರು. ಅಗ್ಗ ಮಾಡುವುದು ಅಂದರೆ ಹೀಗೆ. ಇವತ್ತಿನ ಅಗ್ಗ ಇದಕ್ಕೆ ತಿರುಗುಮುರುಗು. ಗುಂಡಿ, ಕೆತ್ತನೆ, ಹೊಳಪು ಎಲ್ಲಾ ಉಂಟು, ಭಾರ ಹೊರುವ ಜಾಗದಲ್ಲಿ ಮಾತ್ರ ಲೋಹ ಇಲ್ಲ!

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ನಾನು ಅಂಗಡಿಯಲ್ಲಿ ಮಾಡುವುದನ್ನು ಹೇಳುತ್ತೇನೆ.

ಹೊಳಪು ನೋಡಬೇಡಿ, ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಉಕ್ಕು ಅಂತ ಹೇಳಿದ ಸ್ಕ್ರೂಗೆ ಅದು ಅಂಟದಿದ್ದರೆ ಸತುವಿನ ಎರಕವೋ ಅಲ್ಯೂಮಿನಿಯಮ್ಮೋ ಇದ್ದೀತು, ಅಂಗಡಿಯವನನ್ನು ಕೇಳಿ. ಅಂಟಿದ ಮಾತ್ರಕ್ಕೆ ಗಟ್ಟಿ ಉಕ್ಕು ಅಂತಲೂ ಅಲ್ಲ, ಅದು ಮೊದಲ ಜರಡಿ ಅಷ್ಟೆ. ಎರಡನೆಯದು, ಸೈಟಿನ ಗುಂಡಿಯನ್ನು ಹತ್ತು ಕ್ಲಿಕ್ ಮೇಲಕ್ಕೆ, ಹತ್ತು ಕ್ಲಿಕ್ ಕೆಳಕ್ಕೆ ತಿರುಗಿಸಿ. ಹೊರಟ ಜಾಗಕ್ಕೇ ವಾಪಸ್ ಬರಬೇಕು. ಬರದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಮೂರನೆಯದು, ಸ್ಪ್ರಿಂಗ್ ರೈಫಲ್ ಒಂದೇ ಹೊಡೆತಕ್ಕೆ ಎರಡು ಕಡೆ ಒದೆಯುತ್ತದೆ. ಪಿಸ್ಟನ್ ಮುಂದೆ ನುಗ್ಗುವಾಗ ಹಿಂದಕ್ಕೆ, ಪಿಸ್ಟನ್ ನಿಂತಾಗ ಮುಂದಕ್ಕೆ. ಸ್ಕ್ರೂಗಳು ಸಡಿಲವಾಗುವುದೇ ಈ ಕುಲುಕಾಟಕ್ಕೆ. ಹಾಗಾಗಿ ಮೊದಲ ದಿನದ ಐದು ಗುಂಡು ನೋಡಿ ಏನೂ ಹೇಳಲಾಗದು. ಮೊದಲ ದಿನದ ಗುರಿಕಾಗದ ಎತ್ತಿಡಿ, ಐನೂರು ಗುಂಡಾದ ಮೇಲೆ ಅದೇ ಪೆಲೆಟ್ಟಿನಲ್ಲಿ, ಅದೇ ಮರಳ ಚೀಲದ ಮೇಲಿಟ್ಟು ಮತ್ತೆ ಹೊಡೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ಗುಂಡಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಬಳಸುವವರ ಕರ್ತವ್ಯವೂ ಇದೆ, ಮರೆಯಬೇಡಿ. ಪೆಲೆಟ್ ಹಾಕದೆ ಖಾಲಿ ಹೊಡೆದರೆ ಪಿಸ್ಟನ್ನಿನ ಪೆಟ್ಟಿಗೆ ತಡೆಯೇ ಇರುವುದಿಲ್ಲ, ಸೀಲ್ ಹಾಳಾಗುತ್ತದೆ. ರಾತ್ರಿಯಿಡೀ ಎಳೆದಿಟ್ಟ ಸ್ಪ್ರಿಂಗ್ ಸೋಲುತ್ತದೆ, ಅದಕ್ಕಿಂತ ದೊಡ್ಡದಾಗಿ ಅಪಾಯ.

ನಮ್ಮೂರು ಸೋಮವಾರಪೇಟೆ ಕಡೆ. ಅಜ್ಜನಿಗೆ ಒಂಟಿ ನಳಿಗೆಯ ಕೋವಿ ಒಂದಿತ್ತು. ಅದಕ್ಕೆ ಹೊಸ ಸ್ಕ್ರೂ ಹಾಕಿಸಿದರೆ ಆಚಾರಿಗೆ ಅರ್ಧ ದುಡ್ಡು ಮಾತ್ರ ಕೊಡುತ್ತಿದ್ದರು. "ಒಂದು ಮಳೆಗಾಲ ಕಳೆಯಲಿ" ಅನ್ನೋರು. ಸೆಪ್ಟೆಂಬರಿನ ಕೈಲ್‌ಪೊಳ್ದಿಗೆ ಕೋವಿ ಇಳಿಸಿ, ಒರೆಸಿ, ಪೂಜೆಗೆ ಇಡುವಾಗ ತುಕ್ಕು ಇಲ್ಲದಿದ್ದರೆ ಉಳಿದರ್ಧ. ಕೊಡಗಿನ ಮಳೆಯೇ ಅವರ ಇನ್ಸ್‌ಪೆಕ್ಟರ್! ನನ್ನ ಇಡೀ ಸರ್ವಿಸಿನಲ್ಲಿ ಇದಕ್ಕಿಂತ ಒಳ್ಳೆಯ ಖರೀದಿ ನಿಯಮ ನೋಡಿಲ್ಲ. ನಮ್ಮ ಟೆಂಡರುಗಳಲ್ಲಿ ಕಡಿಮೆ ದರ ಬರೆದವನೇ ಗೆಲ್ಲುತ್ತಾನೆ. ದರ ಲಕೋಟೆ ಒಡೆದ ದಿನವೇ ಗೊತ್ತಾಗುತ್ತದೆ, ಬಾಳಿಕೆ ಗೊತ್ತಾಗಲು ಮಳೆಗಾಲ ಬೇಕು. ಅಷ್ಟು ಹೊತ್ತಿಗೆ ಬಿಲ್ ಪಾಸಾಗಿರುತ್ತದೆ.

ಅದಕ್ಕೇ ನನ್ನ ಬೇಡಿಕೆ ಸಣ್ಣದು. ಮಾರುವವರು ಪೊಟ್ಟಣದ ಮೇಲೆ ಎಷ್ಟು ಗುಂಡಿಗೆ ಪರೀಕ್ಷಿಸಿದ್ದು ಅಂತ ಒಂದು ಅಂಕಿ ಬರೆಯಲಿ. 350 ರೂಪಾಯಿ, 2000 ಗುಂಡು ಅಂತ ಇದ್ದರೆ ಬಡವನೂ ಲೆಕ್ಕ ಹಾಕಿ ಕೊಳ್ಳುತ್ತಾನೆ, ಸವೆಯುವ ಮೊದಲೇ ಬದಲಿಸುತ್ತಾನೆ. ಕಲಿಸುವವರು ಮಕ್ಕಳ ಕೈಯನ್ನು ಬೈಯುವ ಮೊದಲು ಸೈಟನ್ನು ಅಲ್ಲಾಡಿಸಿ ನೋಡಲಿ. ಎರಡು ನಿಮಿಷದ ಕೆಲಸ.

ಹುಡುಗಿಯ ವಿಷಯಕ್ಕೆ ಬಂದರೆ, ಡಯಲ್ ಗೇಜಿನ ಮುಳ್ಳನ್ನು ಅವಳ ಕೈಯಲ್ಲೇ ಅಲ್ಲಾಡಿಸಿ ತೋರಿಸಿದೆ. ಬಹಳ ಹೊತ್ತು ಸುಮ್ಮನೆ ನೋಡಿದಳು. ರೈಫಲ್ ಮಂಚದ ಕೆಳಗಿನಿಂದ ಹೊರಬಂದಿದೆ, ಹೊಸ ಸೈಟಿಗೆ ಅಪ್ಪ ದುಡ್ಡು ಕೂಡಿಸುತ್ತಿದ್ದಾನೆ. ಹೋದ ಆಯ್ಕೆ ಹೋಯಿತು, ಆ ವರ್ಷ ವಾಪಸ್ ಬರುವುದಿಲ್ಲ. ಅದಕ್ಕೆ ಯಾವ ಅಂಗಡಿಯಲ್ಲೂ ಗ್ಯಾರಂಟಿ ಕಾರ್ಡಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ "ನನ್ನಿಂದ ಆಗಲ್ಲ" ಅಂತ ಏನನ್ನಾದರೂ ಮೂಲೆಗೆ ತಳ್ಳಿದ್ದಾರಾ? ಹೊಲಿಗೆ ಯಂತ್ರ, ಹಾರ್ಮೋನಿಯಂ, ಸೈಕಲ್... ಒಮ್ಮೆ ಸ್ಕ್ರೂ ಅಲ್ಲಾಡಿಸಿ ನೋಡಿ. ಏನಂತೀರಿ?