ಸೇದುವ ಹುಡುಗನಿಗೆ ಚಿಕಿತ್ಸೆ, ಮಾರುವವನಿಗೆ ಶಿಕ್ಷೆ

ದಾವಣಗೆರೆಯ ಕಾಲೇಜು ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನಿಗೆ ಹುಡುಗರ ಜೇಬಿನಲ್ಲಿ ಏನಿದೆ ಎಂಬುದು ಅವರ ಅಪ್ಪ-ಅಮ್ಮನಿಗಿಂತ ಮೊದಲೇ ತಿಳಿಯುತ್ತದೆ. ಈಚೆಗೆ ಫೋನಿನ ಜೊತೆ ಇನ್ನೊಂದು ವಸ್ತುವೂ ನನ್ನ ಮೇಜಿಗೆ ಬರುತ್ತಿದೆ. ದಪ್ಪ ಪೆನ್ನಿನಷ್ಟು ಗಾತ್ರ, ಬಣ್ಣ ಬಣ್ಣದ ಮೈ, ಬುಡದಲ್ಲಿ ಚಾರ್ಜಿಂಗ್ ಪಿನ್. ‘ಅಣ್ಣಾ, ಚಾರ್ಜ್ ಏರ್ತಿಲ್ಲ, ಸ್ವಲ್ಪ ನೋಡ್ರಿ’ ಎಂದು ದನಿ ತಗ್ಗಿಸಿ ಕೇಳುತ್ತಾರೆ. ಅದು ಇ-ಸಿಗರೇಟು, ಹುಡುಗರ ಬಾಯಲ್ಲಿ ವೇಪ್. ನಾನು ಅದನ್ನು ರಿಪೇರಿ ಮಾಡಿಕೊಡುವುದಿಲ್ಲ. ಆದರೆ ತಂದವರನ್ನು ಮಾತಾಡಿಸದೆ ಕಳಿಸುವುದೂ ಇಲ್ಲ.

ತರುವವರು ಪೋಲಿ ಹುಡುಗರಲ್ಲ. ಪಿಯುಸಿ, ಎಂಜಿನಿಯರಿಂಗ್ ಓದುವವರು, ಪಿ.ಜಿ.ಗಳಲ್ಲಿರುವವರು, ನನ್ನ ಹಾಗೆ ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವವರು. ಹಲವರು ಸಿಗರೇಟು ಮುಟ್ಟಿದವರೇ ಅಲ್ಲ. ‘ಸಿಗರೇಟ್ ಸೇದಿದ್ರೆ ಮನೇಲಿ ವಾಸನೆ ಗೊತ್ತಾಗುತ್ತೆ, ಇದು ಮಾವಿನಹಣ್ಣಿನ ವಾಸನೆ’ ಎಂದು ಒಬ್ಬ ಹೇಳಿದ. ಸಿಗರೇಟು ಸೇದಲು ಎದ್ದು ಹೊರಗೆ ಹೋಗಬೇಕು, ಸೇದಿದರೆ ಮುಗಿಯುತ್ತದೆ. ಇದನ್ನು ಹಾಸಿಗೆಯಲ್ಲೇ, ಬಚ್ಚಲಲ್ಲೇ, ಓದುತ್ತ ಕೂತಲ್ಲೇ ಎಳೆಯಬಹುದು. ದಿನಕ್ಕೆ ಎಷ್ಟು ಎಂದು ಕೇಳಿದರೆ ಅವರಿಗೇ ಲೆಕ್ಕ ಸಿಗುವುದಿಲ್ಲ. ಸಿಗರೇಟು ಬಿಡಬೇಕೆಂದು ಇದನ್ನು ಹಿಡಿದ ನಡುವಯಸ್ಸಿನವರೂ ಆಗಾಗ ಬರುತ್ತಾರೆ. ಅವರಲ್ಲಿ ಕೆಲವರು ಮನೆಯೊಳಗೆ ವೇಪ್, ಬೀದಿಯಲ್ಲಿ ಸಿಗರೇಟು ಎಂದು ಎರಡನ್ನೂ ಸಾಕಿಕೊಂಡಿದ್ದಾರೆ.

ಕೆಟ್ಟುಹೋದ ಒಂದನ್ನು ಬಿಚ್ಚಿ ನೋಡಿದ್ದೇನೆ. ಒಳಗೆ ಬೆರಳುದ್ದದ ಲಿಥಿಯಂ ಬ್ಯಾಟರಿ, ಉಸಿರೆಳೆದೊಡನೆ ಸ್ವಿಚ್ ಹಾಕುವ ಪುಟ್ಟ ಸೆನ್ಸರ್, ತಂತಿಯ ಸುರುಳಿ, ದ್ರವದಲ್ಲಿ ನೆನೆದ ಹತ್ತಿ. ಸುರುಳಿ ಕಾದು ದ್ರವ ಹಬೆಯಂತೆ ಏಳುತ್ತದೆ. ‘ಬರೀ ನೀರಿನ ಹಬೆ ಅಣ್ಣಾ’ ಎನ್ನುತ್ತಾರೆ ಹುಡುಗರು. ಅದು ನೀರಲ್ಲ, ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ ಮತ್ತು ನಿಕೋಟಿನ್. ಈಗಿನವುಗಳಲ್ಲಿ ನಿಕೋಟಿನ್ ಲವಣದ ರೂಪದಲ್ಲಿರುವುದೇ ಹೆಚ್ಚು. ಅದು ಗಂಟಲು ಸುಡುವುದಿಲ್ಲವಾದ್ದರಿಂದ ಹೊಸಬನೂ ಕೆಮ್ಮದೆ ಹೆಚ್ಚು ಹೆಚ್ಚು ಎಳೆಯುತ್ತಾನೆ.

ಕರ್ನಾಟಕ ಇದನ್ನು 2016ರಲ್ಲೇ ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆ ಬಂತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟವನಿಗೂ ಶಿಕ್ಷೆಯಿದೆ. ಸೇದುವುದು ಮಾತ್ರ ಆ ಪಟ್ಟಿಯಲ್ಲಿಲ್ಲ. ಕಾನೂನು ಬೆರಳು ತೋರಿಸಿದ್ದು ವ್ಯಾಪಾರಿಯ ಕಡೆಗೆ.

ನಾವು ನಡೆಯುತ್ತಿರುವುದು ತಿರುವುಮುರುವು. ಮಗನ ಚೀಲದಲ್ಲಿ ಇದು ಸಿಕ್ಕರೆ ನಾಲ್ಕು ಬಾರಿಸುತ್ತೇವೆ, ಮರ್ಯಾದೆಗೆ ಅಂಜಿ ಮುಚ್ಚಿಡುತ್ತೇವೆ. ಹುಡುಗ ಇನ್ನಷ್ಟು ಜಾಣನಾಗಿ ಬಚ್ಚಿಡಲು ಕಲಿಯುತ್ತಾನೆ. ಫೋನಿನಲ್ಲಿ ಒಂದು ಮೆಸೇಜಿಗೆ ಪಾರ್ಸೆಲ್ ಕಳಿಸುವವನ ವ್ಯಾಪಾರ ಮಾತ್ರ ನಿಲ್ಲುವುದಿಲ್ಲ.

ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ಇದನ್ನೇ ಕೊಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ನಿಜ. ಆದರೆ ಅಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಕೂಡದು. ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನೇ 2025ರ ಜೂನ್ 1ರಿಂದ ನಿಲ್ಲಿಸಿದ್ದಾರೆ. ನಮ್ಮಲ್ಲಿಗೆ ಬರುವುದು ಕಳ್ಳಮಾಲು. ಅದರೊಳಗೆ ಎಷ್ಟು ಏನಿದೆಯೆಂದು ನೋಡುವವರಿಲ್ಲ.

ಅದಕ್ಕೇ ಹೇಳುತ್ತೇನೆ: ಚಟಕ್ಕೆ ಬಿದ್ದ ಹುಡುಗನನ್ನು ಕಾಯಿಲೆಯವನಂತೆ ನೋಡಿಕೊಳ್ಳಿ. 1800-11-2356 ತಂಬಾಕು ಬಿಡಿಸುವ ಉಚಿತ ಸಹಾಯವಾಣಿ, ಅದಕ್ಕೆ ಕರೆ ಮಾಡಿಸಿ. ಕಾಲೇಜುಗಳು ಅಮಾನತಿನ ಬದಲು ವೈದ್ಯರ ಬಳಿ ಕಳಿಸಲಿ. ಸುಳಿವು ಕೊಟ್ಟ ಹುಡುಗನ ಹೆಸರು ಹೊರಗೆ ಬಾರದೆಂದು ಪೊಲೀಸರು ಮಾತು ಕೊಡಲಿ. ಮನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ‘ಇದನ್ನು ನಿನಗೆ ಮಾರಿದವರು ಯಾರಪ್ಪ?’ ಉತ್ತರ ಸಿಕ್ಕ ಮೇಲೆ ಠಾಣೆಗೆ ಹೋಗುವ ಧೈರ್ಯ ತಂದೆ-ತಾಯಿಗೆ ಬಂದರೆ, ಆ ಮಾರಾಟಗಾರನಿಗೆ ನಮ್ಮೂರಿನಲ್ಲಿ ಜಾಗ ಉಳಿಯುವುದಿಲ್ಲ.